ತಳ ಹತ್ತಿದ ಅನ್ನ

ಆವತ್ತು ಮಧ್ಯಾಹ್ನ ಚರ್ಚಿನ ಅಡುಗೆಮನೆಯಲ್ಲಿ ನಾನು ಹೆದರಿಕೊಂಡೇ ಕೆಲಸ ಮಾಡ್ತಿದ್ದೆ. ಯಾಕಂದ್ರೆ ನನ್ನ ಚೀಲದಲ್ಲಿ, ಟವೆಲಿನ ಕೆಳಗೆ, ಒಂದು ಸ್ಟೀಲ್ ಡಬ್ಬ ಇತ್ತು. ಅದರೊಳಗೆ ಹಂಡೆಯ ತಳ ಹತ್ತಿದ ಅನ್ನ. ನನ್ನ ಮೊಮ್ಮಗಳಿಗೆ ಅಂತ ಕೆರೆದು ತುಂಬಿಕೊಂಡಿದ್ದು.

ಅಡುಗೆಯವರು ಒಂದು ಅಗುಳನ್ನೂ ಹೊರಗೆ ಒಯ್ಯೋ ಹಾಗಿಲ್ಲ. ನನಗಿಂತ ಮುಂಚೆ ಇದ್ದವಳು ಒಂದು ಹಿಡಿ ಸಕ್ಕರೆ ಒಯ್ದಿದ್ದಕ್ಕೆ ಹಳೇ ಫಾದರ್ ಭಾನುವಾರ ಎಲ್ಲರೆದುರು ಅವಳ ಹೆಸರು ಹೇಳಿ ಕಳಿಸಿದ್ರು. ಆಮೇಲೆ ಅವಳ ಮುಖ ಈ ಬೀದಿಯಲ್ಲಿ ಯಾರೂ ಕಂಡಿಲ್ಲ.

ವಾರಕ್ಕೆ ಮೂರು ದಿನ ನಾವು ಅರವತ್ತು ಜನಕ್ಕೆ ಊಟ ಹಾಕ್ತೀವಿ. ಉಳಿದ ನಾಲ್ಕು ದಿನ ಅವರ ಒಲೆ ಉರಿಯೋದು ಬೀದಿ ಕೊನೆಯ ಸರ್ಕಾರಿ ರೇಷನ್ ಅಂಗಡಿಯ ಅಕ್ಕಿಯಿಂದ. ಅದೂ ಇಪ್ಪತ್ತನೇ ತಾರೀಖಿಗೆ ಖಾಲಿ. ಇದು ನನಗೆ ಗೊತ್ತು, ಪಾತ್ರೆ ತಿಕ್ಕೋಳಿಗೆ ಗೊತ್ತು, ಹೊಸ ಫಾದರ್‌ಗೆ ಮಾತ್ರ ಗೊತ್ತಿಲ್ಲ. ಅವರಿಗೆ ನನ್ನ ಕಿರಿಯ ತಮ್ಮನ ವಯಸ್ಸು, ಬಂಗಾರದಂಥ ಮನುಷ್ಯ. ಆದ್ರೆ ಉಪವಾಸದ ದಿನ ಬಿಟ್ರೆ ಹಸಿವು ಕಂಡವರಲ್ಲ.

ಬಡಿಸೋ ಹೊತ್ತಿಗೆ ಸರಿಯಾಗಿ ಆಹಾರ ಇಲಾಖೆಯ ಮೇಡಂ ಬಂದ್ರು, ಕಂಕುಳಲ್ಲಿ ಫೈಲು.

"ಇಲ್ಲಿಯ ಅಂಗಡಿ ಇನ್ನೊಂದು ವರ್ಷ ಬೇಕೋ ಬೇಡ್ವೋ ಅಂತ ಇವತ್ತೇ ಬರೀಬೇಕು. ಊಟಕ್ಕಿಲ್ಲದ ಮನೆ ಎಷ್ಟಿವೆ ಫಾದರ್?"

ಫಾದರ್ ಮುಖ ಅರಳಿತು. "ಒಂದೂ ಇಲ್ಲಮ್ಮ. ದೇವರು ನಮ್ಮ ಕೈಯಿಂದಲೇ ಉಣ್ಣಿಸ್ತಿದ್ದಾನೆ. ನಿಮ್ಮ ಅಕ್ಕಿ ಇದಕ್ಕಿಂತ ಬಡವರಿರೋ ಕಡೆ ಹೋಗ್ಲಿ."

ಅಯ್ಯೋ ನನ್ನಪ್ಪಾ! ಸೌಟು ಕೈಜಾರಿ ಹಂಡೆಯೊಳಗೆ ಬಿತ್ತು.

"ಜನರನ್ನೂ ಕೇಳ್ತೀನಿ" ಅಂತ ಮೇಡಂ ತಟ್ಟೆ ಹಿಡಿದು ನಿಂತ ಸಾಲಿನ ಮುಂದೆ ಹೋದ್ರು. ಮೊದಲು ಗಂಟೆ ಹೊಡೆಯೋ ತಾತ. "ದೇವರ ದಯೆ, ಏನೂ ಕೊರತೆಯಿಲ್ಲ." ಅವನ ಹಿಂದೆ ಬಟ್ಟೆ ಹೊಲಿಯೋಳು. "ದೇವರ ದಯೆ." ಅವಳ ಹಿಂದೆ ಅವಳ ಓರಗಿತ್ತಿ, ಅದೇ ಮಾತು. ಕೊರತೆ ಹೇಳಿಕೊಂಡ್ರೆ ನಂಬಿಕೆ ಸಾಲದು ಅಂತ ಚಿಕ್ಕಂದಿನಿಂದ ಕಲಿತ ಜನ. ಫಾದರ್ ಬೇರೆ ಎದುರಿಗೇ ನಗ್ತಾ ನಿಂತಿದ್ದಾರೆ. ಕೆನ್ನೆ ಗುಳಿಬಿದ್ದಿದೆ, ತಟ್ಟೆ ನಡುಗ್ತಿದೆ, ಬಾಯಲ್ಲಿ ಮಾತ್ರ ದೇವರ ದಯೆ! ಒಬ್ಬೊಬ್ಬರ ತಲೆಗೂ ಸೌಟಿನಿಂದ ಮೊಟಕಬೇಕು ಅನ್ನಿಸ್ತು. ಆದ್ರೆ ನಾನೇನು ಕಡಿಮೆ? ನನ್ನ ಬಾಯಿಗೂ ಬೀಗ ಬಿದ್ದಿತ್ತು.

ಮೇಡಂ ಹಾಳೆ ಮೇಲೆ ದುಂಡಗೆ ಸೊನ್ನೆ ಬರೆದ್ರು. "ಸಹಿ ಹಾಕಿ ಫಾದರ್."

ಫಾದರ್ ಪೆನ್ನಿಗೆ ಕೈ ಚಾಚಿದ್ರು. ಡಬ್ಬ ತೆಗೆದ್ರೆ ಕೆಲಸ ಹೋಗುತ್ತೆ, ಮಾನ ಹೋಗುತ್ತೆ. ತೆಗೀದೇ ಇದ್ರೆ ಆ ಅಂಗಡಿ ಹೋಗುತ್ತೆ, ಅದರ ಜೊತೆ ನನ್ನ ಮೊಮ್ಮಗಳ ಜೀವಾನೂ ಹೋಗುತ್ತೆ. ಚೀಲದಿಂದ ಡಬ್ಬ ತೆಗೆದು ತಂದು ಆ ಸೊನ್ನೆ ಮೇಲೇ ಇಟ್ಟೆ.

"ಏನಿದು?" ಅಂದ್ರು ಮೇಡಂ.

"ಕಳ್ಳತನ" ಅಂದೆ. "ಎಂಟು ತಿಂಗಳಿಂದ ಒಯ್ತಿದ್ದೀನಿ. ನಿಮ್ಮ ಅಕ್ಕಿ ಮುಗಿದ ಮೇಲೆ ನನ್ನ ಮೊಮ್ಮಗಳು ಇದನ್ನೇ ತಿನ್ನೋದು. ಒಂದು ಮನೆ ಬರ್ಕೊಳ್ಳಿ, ನಂದು."

ಫಾದರ್ ಡಬ್ಬದ ಮುಚ್ಚಳ ತೆಗೆದ್ರು. ಕರಿ ಹಿಡಿದ ಅನ್ನದ ಸೀದ ವಾಸನೆ ಎಲ್ಲರ ಮೂಗಿಗೂ ಬಡೀತು. ಈಗ ನನ್ನ ಹೆಸರು ಕೂಗ್ತಾರೆ ಅಂತ ಕಣ್ಣು ಮುಚ್ಚಿಕೊಂಡೆ.

"ದೇವರ ದಯೆ ಅನ್ನಬೇಡಿ" ಅನ್ನೋದು ಕೇಳಿಸ್ತು. ಕಣ್ಣು ಬಿಟ್ಟೆ. ಫಾದರ್ ಸಾಲಿನ ಕಡೆ ತಿರುಗಿ ನಿಂತಿದ್ರು. "ದೇವರಿಗೆ ಗೊತ್ತಿದೆ. ನನಗೆ ಗೊತ್ತಿಲ್ಲ. ನನಗೆ ಹೇಳಿ."

ಗಂಟೆ ತಾತ ತಟ್ಟೆ ಕೆಳಗಿಟ್ಟ. "ನಂದೂ ಬರ್ಕೊಳಮ್ಮ" ಅಂದ. ಆಮೇಲೆ ಹೊಲಿಯೋಳು, ಅವಳ ಓರಗಿತ್ತಿ, ಹಾಗೇ ಒಬ್ಬೊಬ್ಬರಾಗಿ ಇಡೀ ಸಾಲು. ಮೇಡಂ ಸೊನ್ನೆ ಹೊಡೆದು ಹಾಕಿ ನಲವತ್ತೊಂದು ಮನೆ ಅಂತ ಬರೆದ್ರು.

ಫಾದರ್ ಸಹಿ ಹಾಕಿದ್ರು. ನಾನು ಮೆಲ್ಲಗೆ ಚೀಲ ಎತ್ತಿಕೊಂಡು, ತಲೆ ತಗ್ಗಿಸಿ ಬಾಗಿಲ ಕಡೆ ಹೊರಟೆ.

"ಅಕ್ಕಾ" ಅಂತ ಫಾದರ್ ಕರೆದ್ರು.

ತಿರುಗಿ ನೋಡಿದೆ.

"ಡಬ್ಬ ಮರೆತಿರಿ."