ಏರಿಯ ಮೇಲೆ ರಿವರ್ಸ್

ಗಂಗಾವತಿಯಿಂದ ಟ್ರ್ಯಾಕ್ಟರಿನ ಟ್ರ್ಯಾಲಿಗೆ ಗೊಬ್ಬರ ತುಂಬಿಕೊಂಡು ಮನೆಯವರು ಮೂವರು ಹೊಲಕ್ಕೆ ಹೊರಟಿದ್ದೆವು. ಕಾಲುವೆ ಏರಿಯ ಮೇಲೆ ಒಂದೇ ಗಾಡಿಗೆ ದಾರಿ. ಎದುರಿಗೆ ಆಂಬುಲೆನ್ಸ್ ಬಂದು ನಿಂತಿತು. ಒಳಗೆ ಹೆರಿಗೆ ನೋವಿನ ಹೆಂಗಸೊಬ್ಬಳು ಚೀರುತ್ತಿದ್ದಳು. ಅವರ ಹಿಂದೆ ಎರಡು ಕಿಲೋಮೀಟರ್‌ವರೆಗೆ ಬದಿಗೆ ಸರಿಯುವಷ್ಟು ಅಗಲದ ಜಾಗ ಎಲ್ಲೂ ಇರಲಿಲ್ಲ. ನಾವೇ ನಮ್ಮ ಹಿಂದಿದ್ದ ಸೇತುವೆಯವರೆಗೆ ನೂರು ಮಾರು ಹಿಂದಕ್ಕೆ ಸರಿಯಬೇಕಿತ್ತು.

ಮಗ ಶರಣಬಸವ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟ. ಟ್ರ್ಯಾಲಿ ಸೊಟ್ಟಗಾಯಿತು. ಮುಂದೆ ಎಳೆದು ಮತ್ತೆ ಬಿಟ್ಟ. ಈ ಸಲ ಹಿಂದಿನ ಗಾಲಿ ಅಂಚಿಗೆ ಹೋಯಿತು; ಅದರ ಕೆಳಗಿನ ಮಣ್ಣು ಕುಸಿದು ನೀರಿಗೆ ಬಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಅವನು ಬ್ರೇಕ್ ಒತ್ತಿ ನಿಂತುಬಿಟ್ಟ.

"ಲಗೂ ಮಾಡ್ರಿ! ಕೂಸಿನ ಕಾಲು ಹೊರಗ ಬಂದೈತಿ!" ಆಂಬುಲೆನ್ಸಿನ ನರ್ಸ್ ಕೂಗಿದಳು.

ನನಗೆ ಬರುವುದು ಎತ್ತಿನ ಗಾಡಿಯಷ್ಟೇ. ಆದರೆ ಈ ಕೆಲಸ ಯಾರಿಗೆ ಬರುತ್ತದೆಂದು ಗೊತ್ತಿತ್ತು. ಗೊಬ್ಬರದ ಚೀಲದ ಮೇಲೆ ಕೂತಿದ್ದ ಸೊಸೆ ಹುಲಿಗವ್ವ, ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದವಳು. ಹೋದ ಸುಗ್ಗಿಯಲ್ಲಿ ಇದೇ ಟ್ರ್ಯಾಲಿಯನ್ನು ಇಕ್ಕಟ್ಟಿನ ಹಿತ್ತಲಿಗೆ ಅವಳು ಒಂದೇ ಸಲಕ್ಕೆ ಹಿಮ್ಮುಖವಾಗಿ ಸೇರಿಸಿದ್ದನ್ನು ಕಣ್ಣಾರೆ ನೋಡಿಯೂ ನಾನು ತುಟಿ ಬಿಚ್ಚಿರಲಿಲ್ಲ. ಬೈಯಲು ನನಗೆ ಬಾಯಿ ಬೇಗ ಬರುತ್ತದೆ, ಹೊಗಳಲು ಬರುವುದಿಲ್ಲ. ಮೇಲಾಗಿ, ಗಂಡನಿಗಿಂತ ಹೆಂಡತಿ ಜಾಣೆ ಎಂದರೆ ಊರು ನಗುತ್ತದೆಂಬ ಹೆದರಿಕೆ.

"ಶರಣಾ, ನೀ ಇಳಿ. ಹುಲಿಗವ್ವ, ನೀ ಹತ್ತು."

ಅವಳು ಗಂಡನ ಮುಖ ನೋಡಿದಳು. "ನನ್ನ ಕೈಲೆ ಆಗಂಗಿಲ್ಲರಿ ಮಾವಾ."

"ಆಗತೈತಿ. ಹಿತ್ತಲದಾಗ ನೀ ಟ್ರ್ಯಾಲಿ ಹಚ್ಚಿದ್ದು ನಾ ನೋಡೀನಿ. ನಿನ್ನಷ್ಟು ಛಲೋ ಕೈ ನಮ್ಮ ಮನ್ಯಾಗ ಯಾರದೂ ಇಲ್ಲ. ಇವಂದೂ ಇಲ್ಲ. ಹತ್ತು!"

ಶರಣಬಸವ ತಲೆ ತಗ್ಗಿಸಿ ಇಳಿದ. ಅವಳು ಸೆರಗು ಸಿಕ್ಕಿಸಿ ಹತ್ತಿದಳು. ಆಂಬುಲೆನ್ಸನ್ನು ತುಸು ಹಿಂದೆ ಸರಿಸಲು ಹೇಳಿ, ಮೊದಲು ಮುಂದಕ್ಕೆ ಎಳೆದು ಟ್ರ್ಯಾಲಿಯನ್ನು ನೇರ ಮಾಡಿಕೊಂಡಳು. ಆಮೇಲೆ ಕತ್ತು ಹಿಂದಕ್ಕೆ ಹೊರಳಿಸಿ, ಟ್ರ್ಯಾಲಿ ಎತ್ತ ಸರಿದರೆ ಅತ್ತಲೇ ಸ್ಟೇರಿಂಗ್ ತಿರುಗಿಸುತ್ತ ಬಿಟ್ಟಳು. ಒಮ್ಮೆ ಮಣ್ಣು ಜಾರಿತು. ಶರಣಬಸವ ಗಾಲಿಯ ಪಕ್ಕದಲ್ಲೇ ನಡೆಯುತ್ತ, "ಬರಲಿ, ಬರಲಿ" ಎಂದು ಕೂಗಿದ.

ಸೇತುವೆ ಸಿಕ್ಕಿತು; ಅಲ್ಲಿ ಅವಳು ಗಾಡಿಯನ್ನು ಬದಿಗೆ ಸರಿಸಿದಳು. ಆಂಬುಲೆನ್ಸ್ ನಮ್ಮನ್ನು ದಾಟಿ ಓಡಿತು. ಆ ಚೀರಾಟ ದೂರವಾಯಿತು.

"ಅವತ್ತು ನೀವು ನೋಡಿದ್ದು ನನಗೂ ಗೊತ್ತಿತ್ತರಿ ಮಾವಾ," ಹುಲಿಗವ್ವ ಸ್ಟೇರಿಂಗ್ ಹಿಡಿದೇ ಹೇಳಿದಳು. "ನೀವು ಏನೂ ಅನ್ನಲಿಲ್ಲ. ಸಿಟ್ಟಾಗ್ಯಾರ ಅಂತ ತಿಳದು, ಮತ್ತ ನಾ ಇದನ್ನ ಮುಟ್ಟಲೇ ಇಲ್ಲ."

ನನಗೆ ನಾಚಿಕೆಯಾಯಿತು.

"ಹೊಲದ ತನಕ ನೀನ ಹೊಡಿ," ಎಂದೆ. ದನಿ ಸರಿಯಾಗಿ ಹೊರಡಲಿಲ್ಲ. ಮಗನಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದೆ.