ಉದ್ದಕ್ಕನ ಕೂಪೆ

ಹಳೆಯ ರೇಸ್ ಕಾರುಗಳ ಪ್ರದರ್ಶನಕ್ಕೆ ಕಾಲಿಡುತ್ತಿದ್ದಂತೆಯೇ ಉದ್ದಕ್ಕನ ಮೈಯೆಲ್ಲ ಉರಿದುಹೋಯಿತು. ಬಾಗಿಲಿಗೆ ಎದುರಾಗಿಯೇ ಅವಳ ಕೆಂಪು ಕೂಪೆಯ, ಆ ಎರಡು ಬಾಗಿಲಿನ ರೇಸ್ ಕಾರಿನ, ನಕಲು ನಿಂತಿತ್ತು. ಪಕ್ಕದ ಫಲಕದಲ್ಲಿ, 'ಅಪ್ಪ ಕಟ್ಟಿದ, ಮಗ ಓಡಿಸಿ ಗೆದ್ದ ಕಾರು' ಎಂದು ಬರೆದಿತ್ತು.

ಮಗ ಎಂದರೆ ಅವಳ ತಮ್ಮ. ತಲೆ ಬೋಳಾಗುತ್ತ ಬಂದಿದ್ದರೂ ಮನೆಯವರಿಗೆ ಇನ್ನೂ ಪುಟ್ಟ. ಹಳೆಯ ಕಾರುಗಳ ನಕಲನ್ನು ಫೈಬರಿನಲ್ಲಿ ಮಾಡುವ ವರ್ಕ್‌ಶಾಪ್ ಅವನದು. ಆ ಕೂಪೆಯನ್ನು ಅವನು ಓಡಿಸಲಿಕ್ಕೆ ಹೋದವನೇ ಅಲ್ಲ. ರೇಸಿಗೆ ಇಳಿದವಳೂ ಗೆದ್ದವಳೂ ಅಕ್ಕ. ಅವಳ ಎತ್ತರ ನೋಡಿ ಟ್ರ್ಯಾಕಿನವರೇ ಉದ್ದಕ್ಕ ಎಂದು ಹೆಸರಿಟ್ಟಿದ್ದರು.

ಅವಳು ನಕಲಿನ ಸುತ್ತ ಒಂದು ಸುತ್ತು ಬಂದಳು. ಅಪ್ಪ ಅಲ್ಯೂಮಿನಿಯಂ ತಗಡನ್ನು ಮರದ ಸುತ್ತಿಗೆಯಿಂದ ಬಡಿದು ಬಡಿದು ಅಸಲಿ ಕಾರಿನ ಮೈ ಮಾಡಿದ್ದರು. ಮೊದಲು ಬಾಲ ಉದ್ದವಿತ್ತು. "ವೇಗದಲ್ಲಿ ಹಿಂದುಗಡೆ ಓಲಾಡುತ್ತೆ" ಎಂದು ಅವಳು ಜಗಳ ತೆಗೆದಾಗ ಅಪ್ಪ ಗೊಣಗುತ್ತಲೇ ಅದನ್ನು ಮೊಟಕು ಮಾಡಿದರು. ಹೆಲ್ಮೆಟ್ ತಾಗುತ್ತದೆ ಎಂದಾಗ ಅವಳ ಸೀಟಿನ ಮೇಲೆ ಮಾತ್ರ ಛಾವಣಿಯನ್ನು ಬೋಗುಣಿ ಕವುಚಿದ ಹಾಗೆ ಉಬ್ಬಿಸಿಕೊಟ್ಟರು. ನಕಲಿನಲ್ಲಿ ಬಾಲ ನೀಳವಾಗಿ, ಚೆಂದವಾಗಿ ಇಳಿದಿತ್ತು. ಛಾವಣಿ ನುಣ್ಣಗಿತ್ತು. ಅವಳ ಮಾತು ಕೇಳಿ ಅಪ್ಪ ಮಾಡಿದ್ದನ್ನೆಲ್ಲ ತಮ್ಮ ಉಜ್ಜಿ ಅಳಿಸಿದ್ದ.

"ಉಬ್ಬು ಎಲ್ಲೋ?"

ನಕಲಿನ ಆಚೆ ಬದಿಯಲ್ಲಿ ನಿಂತಿದ್ದ ತಮ್ಮ ಬೆಚ್ಚಿದ. "ಅಕ್ಕ! ಬರ್ತೀನಿ ಅಂತ ಹೇಳಲೇ ಇಲ್ಲ... ಅದು ನೋಡೋಕೆ ಚೆನ್ನಾಗಿರಲಿಲ್ಲ ಅಂತ..."

"ನಾನೂ ಚೆನ್ನಾಗಿ ಕಾಣ್ತಿರಲಿಲ್ಲವಾ? ಫಲಕದಿಂದ ಅದಕ್ಕೇ ತೆಗೆದೆಯಾ?"

"ಮೆಲ್ಲಗೆ ಮಾತಾಡು. ಅಪ್ಪ-ಮಗ ಅಂದ್ರೆ ಜನಕ್ಕೆ ಬೇಗ ಹಿಡಿಸುತ್ತೆ, ಅಷ್ಟೇ."

"ಅಪ್ಪ-ಮಗಳು ಅಂದ್ರೆ ಅವರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತಾ?"

"ನೀನು ರೇಸು ಬಿಟ್ಟು ಎಷ್ಟು ಕಾಲ ಆಯ್ತು ಅಕ್ಕ!"

"ಬಿಟ್ಟೆ ಕಣೋ. ನಿನಗೆ ಬಿಟ್ಟುಕೊಡಲಿಲ್ಲ."

ಮರುದಿನ ಬೆಳಿಗ್ಗೆ ಅವಳು ತಾಯಿಮನೆಯ ಶೆಡ್ಡು ತೆರೆದು ಕೂಪೆಯ ಮೇಲಿನ ಹೊದಿಕೆ ಕಿತ್ತೆಸೆದಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಾಲ್ಕು ಜನರ ಮುಂದೆ ತಮ್ಮನ ಮಾನ ಕಳೀಬೇಡ ಕಣೇ."

"ನನ್ನ ಮಾನ ಅಲ್ಲೇ ಬಿದ್ದಿದೆಯಮ್ಮ. ಎತ್ತಿಕೊಂಡು ಬರೋಕೆ ಹೋಗ್ತಿದ್ದೀನಿ. ಪಕ್ಕಕ್ಕೆ ಸರಿ."

ಪ್ರದರ್ಶನದ ಅಂಗಳದಲ್ಲಿ, ಹೊರಗೆ ತಂದು ನಿಲ್ಲಿಸಿದ್ದ ನಕಲಿನ ಮುಂದೆ ನಿಂತು ತಮ್ಮ ಮೈಕಿನಲ್ಲಿ ಮಾತಾಡುತ್ತಿದ್ದ. ಕೂಪೆಯ ಗುಡುಗಿಗೆ ಅವನ ಮಾತು ನಿಂತುಹೋಯಿತು. ಅವಳು ಕಾರನ್ನು ನಕಲಿನ ಪಕ್ಕಕ್ಕೇ ತಂದು ನಿಲ್ಲಿಸಿ ಇಳಿದು, ಕೀಲಿಯನ್ನು ಅವನ ಎದೆಗೆ ಎಸೆದಳು.

"ಓಡಿಸಿ ಗೆದ್ದೋನಲ್ವಾ? ಒಂದು ಸುತ್ತು ಹೊಡ್ಕೊಂಡು ಬಾ."

ಬೇಡ ಎನ್ನಲು ದಾರಿಯಿರಲಿಲ್ಲ. ಅವನು ಹತ್ತಿ ಕುಳಿತ. ಅಪ್ಪ ಸೀಟನ್ನು ಅವಳ ಕಾಲಿನ ಅಳತೆಗೆ ಬಿಗಿದಿದ್ದರು. ತಮ್ಮ ಸೀಟಿನಲ್ಲೇ ಜಾರಿ ಜಾರಿ ಕೆಳಗಿಳಿದರೂ ಕ್ಲಚ್ಚಿಗೆ ಕಾಲ್ಬೆರಳಷ್ಟೇ ತಾಗಿತು. ಹೊರಗಿನವರಿಗೆ ಕಿಟಕಿಯಲ್ಲಿ ಅವನ ಹಣೆ ಮಾತ್ರ ಕಾಣುತ್ತಿತ್ತು. ಕಾರು ಒಮ್ಮೆ ಕುಪ್ಪಳಿಸಿ ಆಫಾಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಅಂಗಳವೇ ನಕ್ಕಿತು.

ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಮೈಕು ಎತ್ತಿಕೊಂಡಳು.

"ನಗಬೇಡಿ. ನಾನು ಗೆದ್ದಾಗ ಬೇಲಿ ಹತ್ತಿ ಕೂಗಿದೋರು ಇಲ್ಲೇ ಎಷ್ಟೋ ಜನ ಇದ್ದೀರಿ. ಈ ಫಲಕ ಓದಿ, ಒಬ್ಬರಾದ್ರೂ 'ಇದು ಸುಳ್ಳು' ಅಂದ್ರಾ? ಅವನ ಬಾಯಿಗೆ ಸುಳ್ಳು ಬಂತು. ನಿಮ್ಮ ಬಾಯಿಗೇನಾಗಿತ್ತು?"

ನಗು ಅಲ್ಲಿಗೇ ಅಡಗಿತು. ಮುಂದೆ ನಿಂತಿದ್ದ ಮುದುಕನೊಬ್ಬ ಬೂಟಿನ ಲೇಸು ಕಟ್ಟುವವನಂತೆ ಬಗ್ಗಿದ. ತಮ್ಮ ಕಾರಿನಿಂದ ಇಳಿದು, ಯಾರ ಮುಖವನ್ನೂ ನೋಡದೆ, ಫಲಕ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಅವಳು ಕೂಪೆಯನ್ನು ತಾಯಿಮನೆಗೆ ಮತ್ತೆ ಒಯ್ಯಲಿಲ್ಲ. ಗೆಳತಿಯ ಗ್ಯಾರೇಜಿನಲ್ಲಿ ಬಿಟ್ಟು ಮನೆಗೆ ಬಂದು ಚಪ್ಪಲಿ ಕಳಚುವಷ್ಟರಲ್ಲಿ ಅಮ್ಮನ ಫೋನು.

"ಪುಟ್ಟ ಊಟಾನೇ ಮಾಡಿಲ್ಲ. ಬಾಗಿಲು ಹಾಕ್ಕೊಂಡು ಕೂತಿದ್ದಾನೆ. ನೀನೇ ದೊಡ್ಡವಳು, ಒಂದು ಮಾತು..."

"ನಾನೂ ಊಟ ಮಾಡಿಲ್ಲಮ್ಮ."

ಅವಳು ಇನ್ನೊಂದು ಚಪ್ಪಲಿಯನ್ನು ಒದ್ದು ಕಳಚಿದಳು.

"ಕೇಳಿಸ್ತಾ? ನಿನ್ನೆಯಿಂದ ಮಾಡಿಲ್ಲ. ಯಾಕೆ ಅಂತ ನನ್ನನ್ನೂ ಒಂದು ಸಲ ಕೇಳು."

ಅಮ್ಮ ಉಸಿರಾಡುವುದು ಕೇಳಿಸುತ್ತಿತ್ತು. ಉದ್ದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು, ಕಾದಳು.