ಕೇಳದ ಗಂಟೆ

“ಬಂತು ನೋಡಿ. ಈಗ ಕೇಳಿಸ್ತಾ?” ಎಂದಳು ಇಂಗ್ವಿಲ್, ಸ್ಟೀರಿಂಗಿನಿಂದ ಕಣ್ಣು ತೆಗೆಯದೆ.

ಪಕ್ಕದ ಸೀಟಿನಲ್ಲಿದ್ದ ಟೋರ್ಲೈಫ್ ಹೂಂ ಎಂದು ತಲೆಯಾಡಿಸಿದ. ಅವನಿಗೆ ಕೇಳಿಸುತ್ತಿದ್ದದ್ದು ಎಂಜಿನ್ನಿನ ಮೊರೆತ, ಮತ್ತೆ ಜಾರದಂತೆ ಟೈರಿಗೆ ಬಡಿದ ಮೊಳೆಗಳು ಹಿಮಗಟ್ಟಿದ ರಸ್ತೆಯನ್ನು ಕೆರೆಯುವ ಸದ್ದು. ಅಷ್ಟೇ.

ಇಂಗ್ವಿಲ್ ಫ್ಯೋರ್ಡಿನ, ಎಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಆಚೆ ದಡದ ಮುದುಕರ ಮನೆಗಳಿಗೆ ಹೋಗಿಬರುವ ನರ್ಸು. ಬೆಟ್ಟ ದಾಟದೆ ಅವಳ ದಿನ ಸಾಗದು. ಅವಳ ಫೋರ್ ವೀಲ್ ಜೀಪಿನಲ್ಲಿ ಆಗೀಗ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ಟೀರಿಂಗಿನ ಮುಂದಿನ ಫಲಕದಲ್ಲಿ ಮಾತ್ರ ಯಾವ ದೀಪವೂ ಹತ್ತುತ್ತಿರಲಿಲ್ಲ. ಅದನ್ನು ಎರಡು ಸಲ ಟೋರ್ಲೈಫನ ಗ್ಯಾರೇಜಿಗೆ ಬಿಟ್ಟಿದ್ದಳು. ಮೊದಲ ಸಲ ಅವನು, ಬಾಗಿಲು ತೆರೆದಿದ್ದರೆ ಗಂಟೆ ಹೊಡೆಸುವ ಸ್ವಿಚ್ಚು ಬದಲಿಸಿದ. ಎರಡನೆಯ ಸಲ ಕಂಪ್ಯೂಟರು ಹಚ್ಚಿ ನೋಡಿದ, ತಾನೇ ಬೆಟ್ಟದವರೆಗೆ ಓಡಿಸಿಕೊಂಡು ಬಂದ. “ಏನೂ ಇಲ್ಲಮ್ಮಾ, ನೆಮ್ಮದಿಯಾಗಿ ಓಡಿಸು” ಎಂದು ಕೀಲಿ ಕೊಟ್ಟ. ಇಂದು ಅವಳು ಹಟ ಹಿಡಿದು ಅವನನ್ನೇ ಕೂರಿಸಿಕೊಂಡು ಹೊರಟಿದ್ದಳು.

ಗಾಡಿಯಲ್ಲಿ ಏನಾದರೂ ಸದ್ದು ಬಂದರೆ, ಟೋರ್ಲೈಫ್ ಒಮ್ಮೆ ಕಿವಿಗೊಟ್ಟು ನೋಡಲಿ ಎನ್ನುವುದು ಆ ಊರಿನ ರೂಢಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಗೆ ಕಿವಿ ಹಚ್ಚಿದರೆ ಯಾವ ಬೇರಿಂಗು ಸವೆದಿದೆ ಎಂದು ಅವನು ಈಗಲೂ ಹೇಳಬಲ್ಲ. ದಪ್ಪ ಸದ್ದುಗಳೆಲ್ಲ ಅವನ ಕಿವಿಗೆ ಮೊದಲಿನಂತೆಯೇ ಬೀಳುತ್ತಿದ್ದವು, ಸಣ್ಣ ಚೂಪು ಸದ್ದುಗಳಷ್ಟೇ ಇಲ್ಲ. ಫೋನು ರಿಂಗಾದದ್ದು ತಿಳಿಯದಿದ್ದಾಗ ಫೋನೇ ಕೆಟ್ಟಿದೆ ಎಂದುಕೊಂಡಿದ್ದ. ಕಳೆದ ಬೇಸಿಗೆಯಲ್ಲಿ ಹಕ್ಕಿಗಳು ಕಡಿಮೆಯಾಗಿವೆ ಎಂದು ಹೆಂಡತಿಗೆ ಹೇಳಿದ್ದ.

ಜೀಪು ಬೆಟ್ಟದ ನೆತ್ತಿ ದಾಟಿ ಇಳಿಯತೊಡಗಿತು. ಎರಡು ತಿರುವು ಕಳೆದ ಮೇಲೆ, ಏನಾದರೂ ಹೇಳಬೇಕಲ್ಲ ಎಂದು ಅವನು ಬಾಯಿಬಿಟ್ಟ. “ನೋಡು, ನಿಂತೇ ಹೋಯ್ತು. ಎಲ್ಲೋ ಒಂದು ವೈರು ಸಡಿಲ ಆಗಿದೆ. ಅಲ್ಲಾಡ್ದಾಗ ಹೊಡ್ಕೊಳ್ಳುತ್ತೆ, ಅಷ್ಟೇ.”

ಇಂಗ್ವಿಲ್ ರಸ್ತೆ ಅಗಲವಾದ ಕಡೆ ಮೆಲ್ಲಗೆ ಬದಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆ ಅವನತ್ತ ತಿರುಗಿದಳು.

“ಟೋರ್ಲೈಫ್, ಅದು ಇನ್ನೂ ಹೊಡ್ಕೊಳ್ತಾನೇ ಇದೆ.”

“ಈಗ್ಲಾ?”

“ಈಗ್ಲೂ. ಮೇಲಿನ ತಿರುವಿಂದ ಒಂದೇ ಸಮ.”

ಅವನು ಫಲಕವನ್ನೇ ನೋಡುತ್ತ ಕುಳಿತ. ಆಮೇಲೆ ಇಳಿದು ಬಾನೆಟ್ ಎತ್ತಿದ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕನಿಷ್ಠ ಮಟ್ಟದ ಗೆರೆಗಿಂತ ಕೆಳಗಿತ್ತು. ತಿರುವಿನಲ್ಲಿ, ಇಳಿಜಾರಿನಲ್ಲಿ ಅದು ಒಂದು ಕಡೆಗೆ ಸರಿದಾಗ ಗಂಟೆ ಹೊಡೆಯುತ್ತಿದ್ದಿರಬೇಕು. ಫಲಕದ ಎಚ್ಚರಿಕೆ ದೀಪದ ಬಲ್ಬು ಎಂದೋ ಸುಟ್ಟಿರಬೇಕು. ಹಿಮದ ಮೇಲೆ ಅಂಗಾತ ಮಲಗಿ ಜೀಪಿನ ಅಡಿಗೆ ತೂರಿದ. ಹಿಂದಿನ ಚಕ್ರಕ್ಕೆ ಹೋಗುವ ಪೈಪು ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪಿಗೆ ತುಕ್ಕು ಹಿಡಿದು ಹೊಪ್ಪಳೆ ಎದ್ದಿತ್ತು. ಬೆರಳಿಟ್ಟ, ಎಣ್ಣೆ ಹತ್ತಿತು. ಎರಡು ಸಲ ಈ ಗಾಡಿ ಅವನ ಕೈಯಲ್ಲಿತ್ತು. ಸದ್ದೇ ಇಲ್ಲ ಎಂದುಕೊಂಡವನು ಗಾಡಿಯ ಅಡಿಗೆ ಇಣುಕಿ ಹುಡುಕಿರಲೇ ಇಲ್ಲ.

“ಇನ್ನು ಓಡಿಸ್ಬೇಡ,” ಎಂದ, ಹೊರಗೆ ಬಂದು. “ಬ್ರೇಕು ಯಾವಾಗ ಬೇಕಾದ್ರೂ ಕೈ ಕೊಡುತ್ತೆ.”

“ಯಾವಾಗಿಂದ?”

“ಪೈಪು ಈ ಚಳಿಗಾಲಕ್ಕೇ...”

“ಪೈಪಲ್ಲ. ನಿಮ್ಮ ಕಿವಿ.”

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಗೊತ್ತಿಲ್ಲ.” ಬಾನೆಟ್ ಇಳಿಸಿ ಮುಚ್ಚಿ, “ಗೊತ್ತಿತ್ತು ಅಂತ ಕಾಣುತ್ತೆ,” ಎಂದ.

“ನಿನ್ನೆ ಮಗಳನ್ನ ಹಿಂದೆ ಕೂರಿಸ್ಕೊಂಡು ಇದೇ ದಾರೀಲಿ ಇಳ್ದೆ. ಗಂಟೆ ಹೊಡೀತಿತ್ತು. ಅದು ಸುಮ್ನೆ ಹಾಡ್ತಿದೆ, ಟೋರ್ಲೈಫ್ ಅಜ್ಜ ನೋಡಿದಾರೆ ಅಂತ ಅವಳಿಗೆ ಹೇಳ್ದೆ.”

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಈ ಚಳಿಗಾಲದಲ್ಲಿ ಏನೂ ಇಲ್ಲ ಎಂದು ತಾನು ಹಿಂದಕ್ಕೆ ಕಳಿಸಿದ ಗಾಡಿಗಳು ಒಂದೊಂದಾಗಿ ನೆನಪಾದವು. ಕೆಲವು ಯಾರವು ಎಂಬುದೇ ನೆನಪಾಗಲಿಲ್ಲ.

ಇಂಗ್ವಿಲ್ ಫೋನು ಮಾಡಿ ಕರೆದ, ಕೆಟ್ಟ ಗಾಡಿ ಎಳೆದೊಯ್ಯುವ ಲಾರಿ ಪಟ್ಟಣದಿಂದ ಬರುವ ಹೊತ್ತಿಗೆ ಇಬ್ಬರ ಕಾಲೂ ಮರಗಟ್ಟಿದ್ದವು. ಡ್ರೈವರು ಸರಪಳಿ ಬಿಗಿದು, “ನಿಮ್ಮ ಗ್ಯಾರೇಜಿಗೇ ಇಳಿಸ್ಲಾ?” ಎಂದು ಕೇಳಿದ.

“ಬೇಡ. ಪಟ್ಟಣಕ್ಕೇ ತಗೊಂಡ್ಹೋಗು.”

“ಯಾಕೆ, ನಿಮ್ದು ಇಲ್ಲೇ ಕೆಳಗಿದೆಯಲ್ಲ?”

“ಅದು ಮುಚ್ಚಿದೆ,” ಎಂದ ಟೋರ್ಲೈಫ್.

ಇಂಗ್ವಿಲ್ ಅವನತ್ತ ನೋಡಿ, ಜೀಪಿನ ಕೀಲಿಯನ್ನು ಡ್ರೈವರಿನ ಕೈಗಿಟ್ಟಳು.

ಮನೆಗೆ ಬಂದಾಗ ಹೆಂಡತಿ ಬೋರ್ಗಿಲ್ಡ್ ಒಲೆಯ ಮುಂದೆ ನಿಂತು ಮೀನಿನ ಸಾರು ಕಲಕುತ್ತಿದ್ದಳು. ಅವನು ಬೂಟು ಕಳಚಿ ಮೇಜಿನ ಮುಂದೆ ಕುಳಿತು, ನಡೆದದ್ದನ್ನೆಲ್ಲ ಅವಳ ಬೆನ್ನಿಗೇ ಹೇಳಿದ. ಮಗು ಹಿಂದೆ ಕೂತಿದ್ದದ್ದನ್ನೂ ಹೇಳಿದ. ಸೌಟು ನಿಂತಿತು. ಅವಳು ತಿರುಗದೆಯೇ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಅವಳ ಹೆಗಲು ಸಣ್ಣಗೆ ಅಲುಗುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು, ಮಾತು ಮಾತ್ರ ಒಂದೂ ತಿಳಿಯುತ್ತಿರಲಿಲ್ಲ. ಅವಳು ಈ ಕಡೆ ತಿರುಗಲಿ ಎಂದು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ಅವನು ಕಾಯುತ್ತ ಕುಳಿತ.